ಮಿಲ್ಟ್ರಿಗೆ ಸೇರ್ತೀನಿ ಅಂತ ಹೊರಟಿರೋ ನಮ್ಮ ಕಡೆ ಹುಡುಗರಿಗೆ, ಅವರ ಅಪ್ಪ ಅಮ್ಮಂದಿರಿಗೆ

ನಮ್ಮ ಅಕ್ಕನ ಮಗ ಮೊದಲನೇ ಸಲ ಅಗ್ನಿವೀರ್ (ನಾಲ್ಕು ವರ್ಷಕ್ಕೆ ಸೇರಿಸ್ಕೊಳ್ಳೋ ಸಿಪಾಯಿ) ಅರ್ಜಿ ಹಾಕಿದ್ದು ತೀರ್ಥಹಳ್ಳಿ ಪೇಟೆಲಿ ಒಂದು ಸೈಬರ್ ಸೆಂಟರಲ್ಲಿ. ಕರೆಂಟ್ ಹೋಗ್ತಾ ಬರ್ತಾ ಇತ್ತು, ಹಿಂದೆ ಏಳೆಂಟು ಜನ ನಿಂತಿದ್ರು, ಯಾವ ಕೆಟಗರಿ ಹಾಕ್ಲಿ ಅಂತ ಅಂಗಡಿಯವರು ಕೇಳಿದ್ದಕ್ಕೆ ಇವನು ಬೇಗ ಸೆಲೆಕ್ಷನ್ ಆಗೋದು ಯಾವ್ದಾದ್ರೂ ಹಾಕಿ ಅಣ್ಣ ಅಂದಿದಾನೆ, ಅವರು ಟ್ರೇಡ್ಸ್‌ಮನ್ ಅಂತ ಒತ್ತಿದ್ರು. ರಾತ್ರಿ ಊಟಕ್ಕೆ ಕೂತಾಗ ನಾನು, ಟ್ರೇಡ್ಸ್‌ಮನ್ ಅಂದ್ರೆ ಎಂತ ಕೆಲಸ ಗೊತ್ತಾ ನಿಂಗೆ ಅಂತ ಕೇಳ್ದೆ. "ಗೊತ್ತಿಲ್ಲ ಮಾವ, ಮಿಲ್ಟ್ರಿ ಅಲ್ವಾ ಅದೂ" ಅಂದ.

ಅಡುಗೆ, ಬಟ್ಟೆ ಒಗೆಯೋದು, ಕ್ಷೌರ, ಮೆಸ್ಸಲ್ಲಿ ಬಡಿಸೋದು, ಇಂಥ ಕೆಲಸಗಳು ಅದ್ರಲ್ಲಿ ಬರ್ತವೆ. ಆ ಕೆಲಸ ಮಾಡೋರಿಲ್ದೆ ಸೈನ್ಯ ಒಂದು ದಿನ ನಡೆಯಲ್ಲ, ನಾನು ಅದನ್ನ ಕೀಳು ಅಂತ ಹೇಳ್ತಾ ಇಲ್ಲ. ಆದ್ರೆ ಹುಡುಗ ಬಂದೂಕು ಹಿಡಿದು ಗಡಿಲಿ ನಿಲ್ಲೋ ಕನಸು ಕಾಣ್ತಾ ಅರ್ಜಿಲಿ ಇನ್ನೇನೋ ಬರೆಸಿ ಬಂದಿದ್ದ, ಅದು ನಂಗೆ ಹೊಟ್ಟೆಗೆ ಸಂಕಟ ಆಯ್ತು.

ಕೊಡಗಿನಲ್ಲಾದ್ರೆ ಮನೆಮನೆಲೂ ಒಬ್ಬ ನಿವೃತ್ತ ಸುಬೇದಾರ್ರು ಸಿಗ್ತಾರೆ, ಕಾರ್ಯಪ್ಪ ತಿಮ್ಮಯ್ಯನವರ ಊರು ಅದು, ಹುಡುಗರಿಗೆ ಕೇಳೋಕೆ ಜನ ಇದಾರೆ. ನಮ್ಮಲ್ಲಿ ಅಡಿಕೆ ತೋಟ, ಗದ್ದೆ, ಇಲ್ಲಾಂದ್ರೆ ಬೆಂಗಳೂರು. ಮಿಲ್ಟ್ರಿ ಬಗ್ಗೆ ಗೊತ್ತಿರೋದೆಲ್ಲ ರೀಲ್ಸ್ ನೋಡಿ. ಅದ್ರ ಮೇಲೆ ನಮ್ಮ ಮಲೆನಾಡಿನ ಹುಡುಗರಿಗೆ ಸಂಕೋಚ ಬೇರೆ, ಆಫೀಸರ್ ಮುಂದೆ ನಿಂತ್ರೆ ಎಲ್ಲದಕ್ಕೂ ಎಸ್ ಸರ್, ಹಿಂದಿಲಿ ಏನಾದ್ರೂ ಕೇಳಿದ್ರೆ ಅರ್ಥ ಆಗದಿದ್ರೂ ಎಸ್ ಸರ್. ದಯವಿಟ್ಟು ಕೇಳೋದನ್ನ ಕಲೀರಿ.

ಮೊದಲು ದುಡ್ಡಿನ ಲೆಕ್ಕ, ಯಾಕಂದ್ರೆ ಮನೇಲಿ ಯಾರೂ ಇದನ್ನ ಕೂತು ಮಾಡಲ್ಲ. 2022ರ ಜೂನಲ್ಲಿ ಅಗ್ನಿಪಥ್ ಅನ್ನೋ ಈ ಅಗ್ನಿವೀರ್ ಭರ್ತಿ ಯೋಜನೆ ಬಂದ್ಮೇಲೆ ಸಿಪಾಯಿ ಭರ್ತಿ ಅಂದ್ರೆ ಟ್ರೈನಿಂಗೂ ಸೇರಿ 4 ವರ್ಷ. ಮೊದಲ ವರ್ಷ ತಿಂಗಳಿಗೆ 30,000 ಅಂತ ಎಲ್ಲರೂ ಹೇಳ್ತಾರೆ, ಕೈಗೆ ಬರೋದು 21,000, ಉಳಿದ ಶೇಕಡ 30 ಸೇವಾನಿಧಿಗೆ, ಅಂದ್ರೆ ಕೊನೇಲಿ ಒಟ್ಟಿಗೆ ಕೊಡೋ ದುಡ್ಡಿಗೆ ಹೋಗುತ್ತೆ. ನಾಲ್ಕನೇ ವರ್ಷ 40,000, ಕೈಗೆ 28,000. ನೀವು ಕಟ್ಟಿದಷ್ಟೇ ಸರ್ಕಾರನೂ ಹಾಕುತ್ತೆ, ಹೊರಗೆ ಬರುವಾಗ ಬಡ್ಡಿ ಸೇರಿ ಹತ್ತತ್ರ 11.71 ಲಕ್ಷ, ಟ್ಯಾಕ್ಸ್ ಇಲ್ಲ. ಪೆನ್ಷನ್ ಇಲ್ಲ, ಗ್ರಾಚ್ಯುಟಿ ಇಲ್ಲ, ಮಾಜಿ ಸೈನಿಕ ಅನ್ನೋ ಸ್ಥಾನಮಾನನೂ ಇಲ್ಲ. ಖಾಯಂ ಆಗೋದು ನೂರಕ್ಕೆ ಹೆಚ್ಚಂದ್ರೆ 25 ಜನ. ಅಂದ್ರೆ ನಾಲ್ಕು ಜನ ಸ್ನೇಹಿತರು ಒಟ್ಟಿಗೆ ಹೋದ್ರೆ ಮೂರು ಜನ 22, 23ನೇ ವಯಸ್ಸಿಗೆ ವಾಪಸ್ ಊರಿಗೆ ಬರ್ತಾರೆ ಅಂತ ಇಟ್ಕೊಂಡೇ ಹೊರಡಬೇಕು. ಬಂದ್ಮೇಲೆ ಎಂತ ಮಾಡ್ತೀಯ ಅನ್ನೋದಕ್ಕೆ ಇವತ್ತೇ ಒಂದು ಉತ್ತರ ಇರ್ಲಿ, ಸರಿಯಾದ ಉತ್ತರನೇ ಆಗ್ಬೇಕು ಅಂತಿಲ್ಲ.

ಜೀವದ ಮಾತನ್ನೂ ಮನೇಲಿ ಆಡಿ. 48 ಲಕ್ಷದ ವಿಮೆ ಇದೆ, ಅದಕ್ಕೆ ಹುಡುಗ ಒಂದು ರೂಪಾಯಿ ಕಟ್ಟಬೇಕಾಗಿಲ್ಲ. ನಮ್ಮ ಅಕ್ಕನ ಹತ್ರ ಇದನ್ನ ಹೇಳೋದು ಹೆಂಗೆ ಅಂತ ನಂಗೆ ಎರಡು ದಿನ ಬೇಕಾಯ್ತು, ಆದ್ರೂ ಹೇಳ್ದೆ. ಒಂದು ಮಾತಾಡದೆ ಎದ್ದು ಹೋಗಿ ದನಕ್ಕೆ ಹುಲ್ಲು ಹಾಕಿ ಬಂದ್ಲು, ಆಮೇಲೆ ರಜೆ ಎಷ್ಟು ದಿನ ಕೊಡ್ತಾರಂತೆ ಅಂದ್ಲು. ವರ್ಷಕ್ಕೆ 30 ದಿನ ಅಂದೆ.

ಇನ್ನು ಕಾಗದ ಪತ್ರ. ಮೊದಲ ಸಲ ಇವನು ಬಿದ್ದಿದ್ದು ಓಟದಲ್ಲಲ್ಲ, ಕಾಗದದಲ್ಲಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಅಪ್ಪನ ಹೆಸರಿಗೆ ಇನಿಶಿಯಲ್ ಇದೆ, ಆಧಾರಲ್ಲಿ ಇಲ್ಲ, ಇವನದೇ ಹೆಸರಿಗೆ ಆಧಾರಲ್ಲಿ ಒಂದು ಎ ಅಕ್ಷರ ಜಾಸ್ತಿ. ಟೇಬಲ್ ಹಿಂದೆ ಕೂತವರು ಎರಡನ್ನೂ ಅಕ್ಕಪಕ್ಕ ಇಟ್ಟು ಅಕ್ಷರದ ಮೇಲೆ ಬೆರಳಿಟ್ಟು ನೋಡಿದ್ರಂತೆ, ಸರಿ ಮಾಡಿಸ್ಕೊಂಡು ಬಾ ಅಂದ್ರಂತೆ. ಅಷ್ಟೇ, ಒಂದು ವರ್ಷ ಹೋಯ್ತು. ನಮ್ಮ ಕಡೆ ಅರ್ಧಕ್ಕರ್ಧ ಮಕ್ಕಳ ಕಾಗದ ಹಿಂಗೇ ಇರುತ್ತೆ, ಶಾಲೆಗೆ ಸೇರಿಸುವಾಗ ಒಬ್ರು ಒಂದು ಬರೆಸಿರ್ತಾರೆ, ಆಧಾರ್ ಮಾಡುವಾಗ ಇನ್ನೊಬ್ರು ಇನ್ನೊಂದು. ಅರ್ಜಿಗಿಂತ ಮುಂಚೆನೇ ಸರಿ ಮಾಡಿಸಿ. ವಾಸಸ್ಥಳ, ಜಾತಿ ಸರ್ಟಿಫಿಕೇಟು ನಾಡಕಚೇರಿಲಿ, ನಡತೆ ಪತ್ರ, ಮದುವೆ ಆಗಿಲ್ಲ ಅನ್ನೋ ಪತ್ರ ಇವೆಲ್ಲ ಕೊನೇ ವಾರಕ್ಕೆ ಇಟ್ಕೋಬೇಡಿ, ಜುಲೈ ಮಳೇಲಿ ನೆಟ್ವರ್ಕ್ ಇಲ್ಲ ಸರ್ವರ್ ಇಲ್ಲ ಅಂತ ಮೂರು ಸಲ ಓಡಾಡಿಸ್ತಾರೆ.

ಓಟದ ಬಗ್ಗೆ ಹುಡುಗರಿಗೇ ಗೊತ್ತು, 1600 ಮೀಟರ್ 5 ನಿಮಿಷ 30 ಸೆಕೆಂಡ್ ಒಳಗೆ ಮುಗಿಸಿದ್ರೆ 60 ಮಾರ್ಕ್ಸು, 10 ಪುಲ್ಲಪ್ಪಿಗೆ 40. ಗುಡ್ಡ ಹತ್ತಿ ಇಳಿದು ಬೆಳೆದವರು ನಾವು, ಉಸಿರು ಗಟ್ಟಿ ಇರುತ್ತೆ, ಆದ್ರೆ ಟ್ರ್ಯಾಕಲ್ಲಿ ನಾಲ್ಕು ಸುತ್ತು ಒಂದೇ ವೇಗದಲ್ಲಿ ಓಡೋದು ಬೇರೆ ಅಭ್ಯಾಸ, ಒಂದೆರಡು ಸಲ ಶಿವಮೊಗ್ಗಕ್ಕೆ ಹೋಗಿ ನೆಹರು ಸ್ಟೇಡಿಯಂನಲ್ಲಿ ಓಡಿ ನೋಡಿ. ಈಗ ಮೊದಲು ಆನ್‌ಲೈನ್ ಪರೀಕ್ಷೆ, ಪಾಸಾದ್ರೆ ಮಾತ್ರ ಓಟ ನಡೆಯೋ ರ‍್ಯಾಲಿ, ಹಂಗಾಗಿ ಬರೀ ಓಡಿ ಪ್ರಯೋಜನ ಇಲ್ಲ, ಪುಸ್ತಕನೂ ಹಿಡೀರಿ.

ಮೆಡಿಕಲ್ ವಿಷಯ ಹೇಳ್ಲೇಬೇಕು. ನಮ್ಮ ಪಕ್ಕದ ಮನೆ ಹುಡುಗ ಓಟದಲ್ಲಿ ಎಲ್ರಿಗಿಂತ ಮುಂದೆ ಬಂದವನು, ಬಣ್ಣದ ಚುಕ್ಕೆ ಮಧ್ಯ ಇರೋ ಅಂಕಿ ಓದೋಕೆ ಆಗ್ದೆ ವಾಪಸ್ ಬಂದ. ಹತ್ತೊಂಬತ್ತು ವರ್ಷ ಅವನಿಗೆ ಕೆಂಪು ಹಸಿರು ವ್ಯತ್ಯಾಸ ಗೊತ್ತಾಗಲ್ಲ ಅಂತ ಯಾರಿಗೂ ಗೊತ್ತೇ ಇರ್ಲಿಲ್ಲ. ಎರಡು ವರ್ಷ ಬೆಳಗಿನ ಜಾವ ಎದ್ದು ಓಡಿದ್ದ. ಹಂಗಾಗಿ ತಯಾರಿ ಶುರು ಮಾಡೋಕೆ ಮುಂಚೆನೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಇನ್ನೆಲ್ಲಿಗೋ ಹೋಗಿ ಕಣ್ಣು, ಕಿವಿ, ಹಲ್ಲು, ಮಂಡಿ, ಪಾದ ತೋರಿಸ್ಕೊಳ್ಳಿ. ಕೈ ಮೇಲೆ ಕಂಡಕಂಡಲ್ಲಿ ಹಚ್ಚೆ ಹಾಕಿಸ್ಕೋಬೇಡಿ, ಅದಕ್ಕೂ ರೂಲ್ಸ್ ಇದೆ.

ದುಡ್ಡು ಕೇಳೋರ ಹತ್ರ ಹೋಗ್ಲೇಬೇಡಿ. ನಮ್ಮ ಮನೆಗೂ ಒಬ್ಬ ಬಂದಿದ್ದ, ಮೆಡಿಕಲ್ ನಾನು ಪಾಸ್ ಮಾಡಿಸ್ತೀನಿ, ಮೂರು ಲಕ್ಷ, ಅರ್ಧ ಈಗ ಕೊಡಿ ಅಂದ. ಭಾವ ತೋಟದ ಮೇಲೆ ಸಾಲ ತೆಗೆಯೋಕೆ ಹೊರಟೇಬಿಟ್ಟಿದ್ರು. ಪರೀಕ್ಷೆ ಫೀಸು ಬಿಟ್ರೆ ಸೈನ್ಯ ಭರ್ತಿಗೆ ಯಾರಿಗೂ ಒಂದು ಪೈಸೆ ಕೊಡೋ ಹಂಗಿಲ್ಲ.

ಶಿವಮೊಗ್ಗ ಜಿಲ್ಲೆ ಬರೋದು ಮಂಗಳೂರಿನ ಸೇನಾ ಭರ್ತಿ ಕಚೇರಿಗೆ. ಈ ಸಲ ಅರ್ಜಿ ಹಾಕೋ ಮುಂಚೆ ನಾನು ಅಕ್ಕನ ಮಗನ್ನ ಕರ್ಕೊಂಡು ಆಗುಂಬೆ ಘಾಟಿ ಇಳಿದು ಅಲ್ಲಿಗೇ ಹೋದೆ. ಹಿಂದಿನ ರಾತ್ರಿ ನೋಟ್‌ಬುಕ್ಕಲ್ಲಿ ಹನ್ನೊಂದು ಪ್ರಶ್ನೆ ಬರೆಸಿದ್ದೆ, ನಾನು ಬಾಯಿ ಬಿಡಲ್ಲ ನೀನೇ ಕೇಳ್ಬೇಕು ಅಂತ ಹೇಳಿದ್ದೆ. ಮೊದಲನೇ ಪ್ರಶ್ನೆಗೆ ಧ್ವನಿ ನಡುಗ್ತಿತ್ತು. ಅಲ್ಲಿದ್ದ ಹವಾಲ್ದಾರ್ರು, ನಮ್ಮ ಉತ್ತರ ಕರ್ನಾಟಕದವರೇ, ಆ ನೋಟ್‌ಬುಕ್ ಇಸ್ಕೊಂಡು ಓದಿದ್ರು, ಕೂತ್ಕೋ ತಮ್ಮಾ ಅಂದ್ರು, ಒಂದೊಂದಕ್ಕೂ ಉತ್ತರ ಹೇಳಿದ್ರು. ಜನರಲ್ ಡ್ಯೂಟಿಗೂ (ಬಂದೂಕು ಹಿಡಿಯೋ ಸಿಪಾಯಿ ಕೆಲಸ) ಟ್ರೇಡ್ಸ್‌ಮನ್ನಿಗೂ ಎಂತ ವ್ಯತ್ಯಾಸ, ಎತ್ತರ ಎಷ್ಟಿರಬೇಕು, ಮಧ್ಯದಲ್ಲಿ ಬಿಟ್ಟು ಬರಬಹುದಾ, ಎಲ್ಲ. ಹತ್ತನೇದು ಮುಗಿದ್ಮೇಲೆ ಇವನು ಸುಮ್ನಾದ. ಹನ್ನೊಂದನೇದು ಯಾಕೆ ಬಿಟ್ಟೆ ಅಂತ ಅವರೇ ಕೇಳಿದ್ರು. ಅದು ನಮ್ಮ ಅಕ್ಕ ಬರೆಸಿದ್ದು, ಅಮ್ಮನ ಹತ್ರ ವಾರಕ್ಕೆ ಎಷ್ಟು ಸಲ ಮಾತಾಡೋಕೆ ಬಿಡ್ತೀರಿ ಅಂತ.