ಪತ್ತನಾಜೆ ಕಳೆದ ಮೇಲೆ ಊರಿಗೆ ಹೋದವನು

"ಏಪ ಬತ್ತಿನಿ? ಏಪ ಪೋಪಿನಿ?"

ಯಾವಾಗ ಬಂದದ್ದು, ಯಾವಾಗ ಹೋಗುವುದು. ಉಡುಪಿ ಹತ್ತಿರದ ಕಟಪಾಡಿಯಲ್ಲಿ ರಿಕ್ಷಾದಿಂದ ಇಳಿದು ಬ್ಯಾಗ್ ಕೆಳಗಿಡುವ ಮೊದಲೇ ಈ ಎರಡು ಪ್ರಶ್ನೆ ಬಂದುಬಿಡುತ್ತವೆ. ಇಪ್ಪತ್ತೆರಡು ವರ್ಷದಿಂದ ಡೊಂಬಿವಲಿಯಲ್ಲಿರುವ ನನಗೆ ಇವು ಅಭ್ಯಾಸ. ಎರಡನೆಯದಕ್ಕೆ ಮೊದಲೆಲ್ಲ ಸಿಟ್ಟು ಬರುತ್ತಿತ್ತು. ಬಂದವನನ್ನು ಬಾಗಿಲಲ್ಲೇ ಕಳಿಸುವ ಅವಸರ ಯಾಕೆ ಅಂತ. ಈಗ ಗೊತ್ತಾಗಿದೆ, ಅದು ಬರೀ ಲೆಕ್ಕಾಚಾರ. ಎಷ್ಟು ದಿನ ಇರುತ್ತಾನೆ, ಊಟಕ್ಕೆ ಯಾವತ್ತು ಕರೆಯುವುದು, ಅಷ್ಟೇ.

ಈ ಸಲ ಜೂನ್ ಕೊನೆಯಲ್ಲಿ ಹೋದೆ. ಆಗ ಮೂರನೇ ಪ್ರಶ್ನೆಯೂ ಬಂತು. "ಈ ಮಳೆಗೆ ಎಂತಕ್ಕೆ ಬಂದದ್ದು ಮಾರಾಯ?"

ಪ್ರಶ್ನೆ ಸರಿಯಾಗಿಯೇ ಇತ್ತು. ನಾವು ಬೊಂಬಾಯಿಯವರು ಊರಿಗೆ ಹೋಗುವುದು ದೈವದ ಕೋಲ, ನೇಮ, ದೇವಸ್ಥಾನದ ಆಯನ, ಮದುವೆ, ಮನೆ ಒಕ್ಕಲು ಇದ್ದಾಗ. ಡಿಸೆಂಬರಿನಿಂದ ಮೇವರೆಗೆ. ತುಳುವರ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಹೊತ್ತಿಗೆ, ಪತ್ತನಾಜೆ ಬರುತ್ತದೆ. ಆವತ್ತಿಗೆ ಎಲ್ಲ ಮುಗಿಯಿತು. ಕೋಲ ಇಲ್ಲ, ಜಾತ್ರೆ ಇಲ್ಲ, ಯಕ್ಷಗಾನದ ಮೇಳದವರು ಗೆಜ್ಜೆ ಬಿಚ್ಚಿ ಮನೆಗೆ ಹೋಗುತ್ತಾರೆ. ನಾವೂ ರೈಲು ಹತ್ತುತ್ತೇವೆ. ಆಮೇಲೆ ದೈವ ದೇವರೆಲ್ಲ ಊರಲ್ಲಿ ಉಳಿದವರ ಪಾಲಿಗೆ. ಅಲ್ಲಿ ಏನು ನಡೆಯುತ್ತದೆ ಅಂತ ಇಷ್ಟು ವರ್ಷ ನಾನು ಯೋಚಿಸಿಯೇ ಇರಲಿಲ್ಲ.

ಹೋದದ್ದು ಅಣ್ಣನಿಗೆ ಕಣ್ಣಿನ ಪೊರೆ ತೆಗೆಸಿದ್ದರಿಂದ. ಬಗ್ಗಬಾರದು, ಹೊಗೆಗೆ ಹೋಗಬಾರದು, ಕಣ್ಣಿಗೆ ನೀರು ತಾಗಬಾರದು ಅಂತ ಡಾಕ್ಟರು ಹೇಳಿದ್ದರು. ಮನೆ ಕೆಲಸವೆಲ್ಲ ಅತ್ತಿಗೆ ಒಬ್ಬರೇ ನೋಡಿಕೊಳ್ಳುತ್ತಾರೆ. ಆದರೆ ನಮ್ಮದು ತರವಾಡು ಮನೆ, ಅಂದರೆ ಕುಟುಂಬದ ಮೂಲ ಮನೆ. ತೋಟದ ಆಚೆ ಪಂಜುರ್ಲಿ ದೈವದ ಗುಡಿಯಿದೆ. ಅದಕ್ಕೆ ದಿನಾ ಸಂಜೆ ದೀಪ ಇಡಬೇಕು. ಮನೆಯ ಗಂಡಸೇ ಇಡಬೇಕು ಅಂತ ನಮ್ಮಲ್ಲಿ ಕ್ರಮ. (ಅದು ಯಾಕೆ ಹಾಗೆ ಅಂತ ನನ್ನ ಮಗಳು ಫೋನಿನಲ್ಲಿ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.) ಅಣ್ಣ ಹೇಳಿದ್ದು ಇಷ್ಟೇ. "ಎಂಟು ದಿನ ಬಂದು ಹೋಗ್ತೀಯಾ?" ಮೂವತ್ತು ವರ್ಷದಲ್ಲಿ ಅವನು ನನ್ನ ಹತ್ತಿರ ಕೇಳಿದ ಮೊದಲ ಸಹಾಯ ಇದೇ ಇರಬೇಕು.

ಮಳೆಗಾಲದಲ್ಲಿ ಕೊಂಕಣ ರೈಲು ನಿಧಾನ. ಅದಕ್ಕೆ ಬೇರೆಯೇ ಸಮಯಪಟ್ಟಿ. ಗುಡ್ಡ ಜರಿಯುವ ಭಯಕ್ಕೆ ವೇಗ ಕಡಿಮೆ ಮಾಡುತ್ತಾರೆ. ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಹತ್ತಿರದ ತೋಕೂರಿನವರೆಗೆ 741 ಕಿಲೋಮೀಟರ್ ಹಳಿ. 1998ರ ಜನವರಿಯಲ್ಲಿ ಅದು ಪೂರ್ತಿಯಾಗಿ ತೆರೆಯುವವರೆಗೆ ನಮ್ಮ ಸೋದರಮಾವನಂಥವರು ಬಸ್ಸಿನಲ್ಲಿ ಘಾಟಿ ಸುತ್ತಿಕೊಂಡು ಊರಿಗೆ ಬರುತ್ತಿದ್ದರು. ಈಗ ಮತ್ಸ್ಯಗಂಧದಲ್ಲಿ ಮಧ್ಯಾಹ್ನ ಕೂತರೆ ಮರುದಿನ ಬೆಳಿಗ್ಗೆ ಉಡುಪಿಯ ಇಂದ್ರಾಳಿ ಸ್ಟೇಷನಿನಲ್ಲಿ ಇಳಿಯಬಹುದು. ಆದರೂ ನಾವು ವರ್ಷಕ್ಕೆ ಒಂದೇ ಸಲ ಬರುವುದು.

ಸರಿ, ದೀಪದ ವಿಷಯ.

ದೀಪ ಇಡುವುದರಲ್ಲಿ ಏನಿದೆ ಅಂತ ಅಂದುಕೊಂಡಿದ್ದೆ. ಮೊದಲನೇ ದಿನ ಕೊಡೆ, ಎಣ್ಣೆ ಕುಡಿಕೆ, ಬತ್ತಿ, ಕಡ್ಡಿಪೆಟ್ಟಿಗೆ ಹಿಡಿದು ಹೊರಟೆ. ಮುರಕಲ್ಲಿನ ಮೆಟ್ಟಿಲ ಮೇಲೆ ಪಾಚಿ. ಒಂದು ಸಲ ಜಾರಿದೆ, ಎಣ್ಣೆ ಅರ್ಧ ಚೆಲ್ಲಿತು. ಗುಡಿಯ ಬಾಗಿಲು ಮಳೆಗೆ ಉಬ್ಬಿ ಕೂತಿತ್ತು. ಎಳೆದರೆ ಬರುವುದಿಲ್ಲ, ದೂಡಿದರೆ ಹೋಗುವುದಿಲ್ಲ. ಕೊನೆಗೆ ಭುಜ ಕೊಟ್ಟೆ. ಒಳಗೆ ಹೊಸ್ತಿಲ ಬದಿಯಲ್ಲಿ ಒಂದು ಕಪ್ಪೆ ಕೂತಿತ್ತು. ನನ್ನನ್ನು ನೋಡಿ ಕದಲಲೇ ಇಲ್ಲ. ಕಡ್ಡಿ ಗೀರಿದೆ. ಪುಸ್. ಇನ್ನೊಂದು. ಅದರ ತಲೆಯೇ ಉದುರಿತು. ಒಂಬತ್ತು ಕಡ್ಡಿ ಆಯಿತು. ಕತ್ತಲಾಗುತ್ತಿತ್ತು. ಡೊಂಬಿವಲಿಯಲ್ಲಿ ಮೂರು ಲಕ್ಷದ ಬಿಲ್ಲನ್ನು ಮೊಬೈಲಿನಲ್ಲಿ ಎರಡು ನಿಮಿಷದಲ್ಲಿ ಪಾಸು ಮಾಡುವವನು ಇಲ್ಲಿ ಒಂದು ಬತ್ತಿ ಹತ್ತಿಸಲಾರದೆ ನಿಂತಿದ್ದೆ. ಮನೆಗೆ ವಾಪಸ್ಸು ಓಡಿದೆ.

ಅತ್ತಿಗೆ ನಕ್ಕರು. "ಕಡ್ಡಿಪೆಟ್ಟಿಗೆ ಬಚ್ಚಲೊಲೆಯ ಮೇಲಿನ ಮಾಡದಲ್ಲಿ ಇರ್ತದೆ. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿ ಒಳಗೆ ಇಟ್ಕೊಂಡು ಹೋಗ್ಬೇಕು. ನೀವು ತೆಗೆದುಕೊಂಡು ಹೋದದ್ದು ಬೇಸಿಗೆಯದ್ದು." ಬೇಸಿಗೆಯ ಕಡ್ಡಿ, ಮಳೆಗಾಲದ ಕಡ್ಡಿ ಅಂತ ಎರಡು ಇರುತ್ತದೆ ಅಂತ ನನಗೆ ಆವತ್ತೇ ಗೊತ್ತಾದದ್ದು.

ಆ ಗುಡಿಯನ್ನು ಎರಡು ವರ್ಷದ ಹಿಂದೆ ಹೊಸದಾಗಿ ಕಟ್ಟಿಸಿದ್ದು ನಾವೇ. ನಾವು ಅಂದರೆ ಹೊರಗಿರುವವರು. ಹಂಚಿನ ಮಾಡು ತೆಗೆದು ತಾಮ್ರ ಹೊದೆಸಿದೆವು. ಗ್ರಾನೈಟು ಹಾಸಿದೆವು. ಪ್ರತಿಷ್ಠೆಯ ದಿನ ಸಾವಿರ ಜನಕ್ಕೆ ಊಟ. ಬಾಗಿಲ ಬಲಗಡೆ ಒಂದು ಅಮೃತಶಿಲೆಯ ಫಲಕ. ಅದರಲ್ಲಿ ಹೆಸರುಗಳು, ಕೊಟ್ಟ ದುಡ್ಡಿನ ಲೆಕ್ಕದಲ್ಲಿ ಮೇಲಿಂದ ಕೆಳಗೆ. ಮೊದಲು ದುಬೈ, ಆಮೇಲೆ ಮುಂಬೈ, ಪುಣೆ, ಬೆಂಗಳೂರು. ನನ್ನ ಹೆಸರು ನಾಲ್ಕನೆಯದು. ಅಣ್ಣನ ಹೆಸರು ಇಲ್ಲ. ಅವನು ದುಡ್ಡು ಕೊಟ್ಟಿರಲಿಲ್ಲ. ಅವನ ಹತ್ತಿರ ಇರಲೂ ಇಲ್ಲ. ಆಗ ಅದು ನನಗೆ ವಿಚಿತ್ರ ಅಂತ ಅನಿಸಿರಲಿಲ್ಲ ಅನ್ನುವುದೇ ಈಗ ವಿಚಿತ್ರವಾಗಿ ಕಾಣುತ್ತದೆ. ಈಗ ಆ ಫಲಕದ ಬಂಗಾರದ ಬಣ್ಣ ಮಳೆಗೆ ಹೋಗುತ್ತಿದೆ. ಕೆಳಗಿನ ಎರಡು ಸಾಲು ಪಾಚಿ ಹಿಡಿದು ಓದಲು ಬರುವುದಿಲ್ಲ.

ನಂಬಿಕೆ ಮತ್ತು ಗೆಲುವು ನಮ್ಮ ಕರಾವಳಿಯವರಲ್ಲಿ ಒಂದಕ್ಕೊಂದು ಹೊಸೆದುಕೊಂಡಿವೆ. ನಮ್ಮ ಮಾವ ಹದಿನಾಲ್ಕನೇ ವಯಸ್ಸಿಗೆ ಮುಂಬೈಗೆ ಹೋದವರು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಫೋರ್ಟ್ ಭಾಗದ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಮುಂದೆ ಸ್ವಂತ ಹೋಟೆಲ್ ಮಾಡಿದರು. "ಎಲ್ಲ ದೈವದ ಕೃಪೆ" ಅಂತ ಪ್ರತಿ ಕೋಲದಲ್ಲೂ ಕಣ್ಣೀರು ಹಾಕುತ್ತಿದ್ದರು. ಸುಳ್ಳು ಕಣ್ಣೀರಲ್ಲ ಅದು. ಆದರೆ ಅವರ ತಮ್ಮನೂ ಅದೇ ಮುಂಬೈಗೆ ಬಂದಿಳಿದವನು, ಅದೇ ದೈವಕ್ಕೆ ಹರಕೆ ಹೇಳಿಕೊಂಡವನು. ಅವನ ಹೋಟೆಲ್ ಮುಂಬೈ ಹತ್ತಿರದ ಕಲ್ಯಾಣದಲ್ಲಿ ಮೂರು ವರ್ಷಕ್ಕೇ ಮುಚ್ಚಿತು. ಸಾಲ ಆಯಿತು. ಆಮೇಲೆ ಅವನು ಕೋಲಕ್ಕೆ ಬರಲಿಲ್ಲ. ಬರಬೇಡ ಅಂತ ಯಾರೂ ಹೇಳಿಲ್ಲ. ಯಾವಾಗ ಬಂದದ್ದು, ಯಾವಾಗ ಹೋಗುವುದು, ಹೋಟೆಲ್ ಹೇಗಿದೆ ಅಂತ ಕೇಳುತ್ತಾರಲ್ಲ, ಅದಕ್ಕೇ ಬರಲಿಲ್ಲ. ಗೆದ್ದವನನ್ನು ದೈವ ಕೈ ಹಿಡಿಯಿತು ಅನ್ನುತ್ತೇವೆ. ಹಾಗಾದರೆ ಇವನ ಕೈ ಬಿಟ್ಟಿತಾ? ಆ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ದೈವದ ಎದುರು ಮಾತ್ರ ಐದು ರೂಪಾಯಿ ಇಟ್ಟವನಿಗೂ ಐವತ್ತು ಸಾವಿರ ಇಟ್ಟವನಿಗೂ ಅದೇ ಗಂಧ, ಅದೇ ಹಿಂಗಾರದ (ಅಡಿಕೆ ಹೂವಿನ) ಎಸಳು. ಫಲಕ ಹಾಕಿಸಿದ್ದು ನಾವು, ದೈವ ಕೇಳಿರಲಿಲ್ಲ.

ಹಾಗಂತ ಮುಂಬೈಯವರು ಬೇರೆ ಅಂತ ಹೇಳುತ್ತಿಲ್ಲ. ಪ್ರಭಾದೇವಿಯ ಸಿದ್ಧಿವಿನಾಯಕನ ಎದುರು ಮಂಗಳವಾರ ಬೆಳಗಿನ ಜಾವದಿಂದಲೇ ಸಾಲು. ಪ್ರಮೋಶನ್, ಫ್ಲಾಟು, ವೀಸಾ, ಎಲ್ಲ ಆ ಸಾಲಿನಲ್ಲಿ ನಿಂತಿರುತ್ತವೆ. ನಾನೂ ನಿಂತಿದ್ದೇನೆ. ಆದರೆ ನಮ್ಮ ಎದುರು ಮನೆಯ ಮರಾಠಿ ಕಾಕು ಇದ್ದಾರೆ. ಪ್ರತಿ ವರ್ಷ ಆಷಾಢದ ವಾರಿಯಲ್ಲಿ, ಅಂದರೆ ಪಂಢರಪುರದ ವಿಠಲನಲ್ಲಿಗೆ ಹೋಗುವ ಪಾದಯಾತ್ರೆಯಲ್ಲಿ, ನಡೆಯುತ್ತಾರೆ. ಪಂಢರಪುರದವರೆಗೆ ನಡೆಯಲು ಮೊಣಕಾಲು ಬಿಡುವುದಿಲ್ಲ. ಪುಣೆಯಿಂದ ಸಾಸವಡಕ್ಕೆ, ದಿವೇ ಘಾಟಿ ಹತ್ತಿ, ಪಲ್ಲಕ್ಕಿಯ ಜೊತೆ ಒಂದು ದಿನ ನಡೆದು ವಾಪಸ್ಸು ಬರುತ್ತಾರೆ. ಏನು ಕೇಳಿಕೊಂಡಿರಿ ಅಂತ ಒಮ್ಮೆ ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. "ಕೇಳುವುದಕ್ಕೆ ಯಾರು ಹೋಗುತ್ತಾರೆ? ನಡೆಯುವುದಕ್ಕೆ ಹೋಗುವುದು" ಅಂದರು. ಅಲ್ಲಿ ಬ್ಯಾಂಕಿನ ಮ್ಯಾನೇಜರೂ ತರಕಾರಿ ಮಾರುವವನೂ ಒಬ್ಬರನ್ನೊಬ್ಬರು 'ಮಾವುಲಿ' (ತಾಯಿ) ಅಂತಲೇ ಕರೆಯುವುದಂತೆ. ಹೆಸರು ಕೇಳುವುದಿಲ್ಲ, ಊರು ಕೇಳಬಹುದು, ಸಂಬಳದ ಸುದ್ದಿಯೇ ಇಲ್ಲ.

ನಮ್ಮ ಊರಲ್ಲಿ ಸಂಬಳ ಕೇಳದಿದ್ದರೆ ಅದು ಬೇಜವಾಬ್ದಾರಿ! ಸಂಬಳ ಎಷ್ಟು, ಸ್ವಂತ ಮನೆಯಾ, ಎಷ್ಟು ರೂಮು, ಮಗಳಿಗೆ ಎಷ್ಟು ಮಾರ್ಕು. ಮುಂಬೈಯಲ್ಲಿ ಕೇಳುವುದಿಲ್ಲ ನಿಜ. ಯಾವ ಸ್ಟೇಷನಿನಲ್ಲಿ ಇಳಿಯುತ್ತೀರಿ ಅಂತ ಕೇಳಿ ಅದರಿಂದಲೇ ಅಂದಾಜು ಮಾಡಿಬಿಡುತ್ತಾರೆ. ಎರಡರಲ್ಲಿ ನನಗೆ ಊರಿನ ಕ್ರಮವೇ ವಾಸಿ. ಮುಖಕ್ಕೆ ಕೇಳಿ ಮುಗಿಸುತ್ತಾರೆ, ಒಂದು ಚಾ ಕೊಡುತ್ತಾರೆ.

ಮನೆಯೊಳಗಿನ ದಿನಗಳು ಸುಮ್ನೆ ಹೋದವು. ಜೂನ್, ಜುಲೈ ಎರಡು ತಿಂಗಳು ಬೋಟುಗಳಿಗೆ ನಿಷೇಧ, ಹಾಗಾಗಿ ಮೀನು ದುಬಾರಿ. ಅತ್ತಿಗೆ ಒಣ ಸಿಗಡಿ ಹುರಿದು ಚಟ್ನಿ ಮಾಡಿದರು. ಕುಚ್ಚಲಕ್ಕಿ ಗಂಜಿ, ಅದಕ್ಕೆ ತಿಮರೆ (ಒಂದೆಲಗ) ಚಟ್ನಿ, ಹಲಸಿನ ಹಪ್ಪಳ. ಹಪ್ಪಳ ಸುಡುವಾಗ ಹೊಗೆ ಬರುತ್ತದೆ ಅಂತ ಅಣ್ಣನನ್ನು ಚಾವಡಿಗೆ ಕಳಿಸುತ್ತಿದ್ದರು. ಅವನು ಕಪ್ಪು ಕನ್ನಡಕ ಹಾಕಿಕೊಂಡು ಆರಾಮ ಕುರ್ಚಿಯಲ್ಲಿ ಕೂತು ಮಳೆ ನೋಡುತ್ತಿದ್ದ. ನಾವಿಬ್ಬರೂ ಜಾಸ್ತಿ ಮಾತಾಡಿದ್ದೇನಿಲ್ಲ. ಒಮ್ಮೆ ಕೇಳಿದೆ, "ನಿನಗೆ ಬೇಜಾರಾಗುವುದಿಲ್ವಾ, ದಿನಾ ಒಂದೇ ಕೆಲಸ?" ಅವನು ಸ್ವಲ್ಪ ಹೊತ್ತು ಬಿಟ್ಟು, "ನಿನಗೆ ದಿನಾ ಅದೇ ಲೋಕಲ್ ಹಿಡಿಯುವುದಕ್ಕೆ ಬೇಜಾರಾಗ್ತದಾ?" ಅಂದ.

ಇದರಲ್ಲೇ ನನ್ನ ಜಗಳ ಇರುವುದು, ಅಣ್ಣನ ಹತ್ತಿರ ಅಲ್ಲ, ನಮ್ಮಂಥವರ ಹತ್ತಿರ. ನಾವು ಹೊರನಾಡಿನವರು ಸಭೆ ಮಾಡಿದಾಗಲೆಲ್ಲ "ಊರಿನ ಸಂಸ್ಕೃತಿ ಉಳಿಸಿದ್ದು ನಾವೇ" ಅಂತ ಭಾಷಣ ಇರುತ್ತದೆ. ದುಡ್ಡು ಕಳಿಸಿದ್ದು ನಿಜ. ಕಟೀಲು ಮೇಳದ ಯಕ್ಷಗಾನ ಆಟಕ್ಕೆ ವರ್ಷಗಟ್ಟಲೆ ಮುಂಚೆ ಬುಕ್ ಮಾಡಿ ಕಾಯುವವರೂ ನಾವೇ. ಆದರೆ ಒಂದು ಆಟಕ್ಕೋ ಒಂದು ರಾತ್ರಿಯ ಕೋಲಕ್ಕೋ ಬರುವುದು, ವರ್ಷದ ಉಳಿದ ಮುನ್ನೂರು ಚಿಲ್ಲರೆ ಸಂಜೆ ಬತ್ತಿ ಹೊಸೆಯುವುದು, ಎರಡಕ್ಕೂ ಒಂದೇ ತೂಕ ಅಂತ ನಾವು ಹೇಳಿಕೊಳ್ಳುವುದು ನನಗೀಗ ಒಪ್ಪಿಗೆಯಾಗುವುದಿಲ್ಲ. ಮಾವ "ದೈವದ ಕೃಪೆ" ಅಂದಾಗ ಅದರಲ್ಲಿ ಅವರ ಅಕ್ಕನ ಪಾಲೂ ಇತ್ತು. ನನ್ನ ಅಮ್ಮ. ಮನೆ ಬಿಟ್ಟು ಕದಲದೆ, ಅಜ್ಜಿಯನ್ನು ನೋಡಿಕೊಂಡು, ಗುಡಿಯ ದೀಪಕ್ಕೆ ಎಣ್ಣೆ ಅಳೆದು ಕೊಟ್ಟವಳು. ನನ್ನ ಡೊಂಬಿವಲಿಯ ಎರಡು ರೂಮಿನಲ್ಲಿ ಅಣ್ಣನ ಪಾಲಿದೆ. ಇಬ್ಬರಲ್ಲಿ ಒಬ್ಬ ಉಳಿಯಬೇಕಿತ್ತು. ಅವನು ಉಳಿದ, ನಾನು ರೈಲು ಹತ್ತಿದೆ. ಯಾರೂ ಚೀಟಿ ಎತ್ತಿರಲಿಲ್ಲ.

ಏಳನೇ ದಿನಕ್ಕೆ ನನಗೆ ಕೆಲಸ ಹಿಡಿತಕ್ಕೆ ಬಂತು. ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ದೂಡಬೇಕು. ಕಡ್ಡಿ ಗೀರುವ ಮೊದಲು ಗಾಳಿಗೆ ಬೆನ್ನು ಕೊಡಬೇಕು. ಕಪ್ಪೆ ಅಲ್ಲೇ ಇರುತ್ತಿತ್ತು. ಕೈ ಮುಗಿದು ನಿಂತಾಗ ಏನು ಕೇಳುವುದು ಅಂತ ಹೊಳೆಯುತ್ತಿರಲಿಲ್ಲ. ಕೋಲದ ದಿನ ಹಾಗಲ್ಲ, ಬೇಡಿಕೆಯ ದೊಡ್ಡ ಪಟ್ಟಿಯೇ ಇರುತ್ತದೆ. ಇಲ್ಲಿ ಮಳೆಯ ಸದ್ದು, ಬತ್ತಿಯ ಚಟಪಟ, ಒದ್ದೆ ಅಂಗಿ. ಬೇಗ ಮನೆಗೆ ಹೋಗಿ ಬಿಸಿ ಚಾ ಕುಡಿಯಬೇಕು ಅನ್ನುವುದೊಂದೇ ಆಸೆ.

ಒಂಬತ್ತನೇ ದಿನ ಡಾಕ್ಟರು ಅಣ್ಣನಿಗೆ ಸ್ವಲ್ಪ ಓಡಾಡಬಹುದು ಅಂದರು. ಆವತ್ತು ಸಂಜೆ ಕೊಡೆ ಹಿಡಿದುಕೊಂಡು ನನ್ನ ಜೊತೆ ಗುಡಿಗೆ ಬಂದ. ಫಲಕದ ಕಡೆ ತಿರುಗಿಯೂ ನೋಡಲಿಲ್ಲ. ನಾನು ದೀಪ ಹಚ್ಚಿದೆ, ಒಂದೇ ಕಡ್ಡಿಯಲ್ಲಿ. ಏನಾದರೂ ಹೇಳುತ್ತಾನೆ ಅಂತ ಕಾದೆ. ಅವನು ಕನ್ನಡಕ ಸರಿಸಿ ದೀಪವನ್ನು ಹತ್ತಿರದಿಂದ ನೋಡಿದ.

"ಬತ್ತಿ ದಪ್ಪ ಆಯ್ತು ಮಾರಾಯ. ಎಣ್ಣೆ ಸುಮ್ನೆ ಕುಡೀತದೆ."

ವಾಪಸ್ಸು ಬರುವಾಗ ಬೇಲಿಯ ಆಚೆಯಿಂದ ಯಾರೋ ಕೇಳಿದರು, ಏಪ ಪೋಪಿನಿ ಅಂತ. ನಾಳೆ ಅಂದೆ.