ಸತ್ಯಾಂಶ: ಲಿವರ್ ಶಸ್ತ್ರಚಿಕಿತ್ಸೆಗೆ ಮುನ್ನ ಮಧುಮೇಹಿಗಳು ಆಹಾರ ಬಿಡಬೇಕೇ?

‘ಸಕ್ಕರೆ ಕಾಯಿಲೆ ಇರುವವರು ಲಿವರ್ ಆಪರೇಷನ್‌ಗೆ ಮುನ್ನ ರೊಟ್ಟಿ, ಬೇಳೆ, ಪ್ರೋಟೀನ್ ಪುಡಿ ಬಿಟ್ಟು ಅಮೃತಬಳ್ಳಿ ರಸ ಮಾತ್ರ ಕುಡಿದರೆ ಲಿವರ್ ಶುದ್ಧವಾಗುತ್ತದೆ’ ಎಂಬ ಸಂದೇಶ ಕಲಬುರಗಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿಯೂ ಹೌದು.

ಊಟವಿಲ್ಲದಾಗ ರಕ್ತಕ್ಕೆ ಸಕ್ಕರೆ ಒದಗಿಸುವುದು ಲಿವರ್. ರೋಗಗ್ರಸ್ತ ಲಿವರ್‌ನಲ್ಲಿ ಆ ಸಂಗ್ರಹವೇ ಕಡಿಮೆ ಇರುವುದರಿಂದ, ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಲೇ ಉಪವಾಸವಿದ್ದರೆ ಸಕ್ಕರೆ ದಿಢೀರನೆ ಕುಸಿಯಬಹುದು. ಮೇಲಾಗಿ, ದೇಹ ತನ್ನ ಸ್ನಾಯುಗಳನ್ನೇ ಕರಗಿಸಿಕೊಳ್ಳತೊಡಗುತ್ತದೆ. ಹಾಗೆ ಸೊರಗಿದವರಲ್ಲಿ ಶಸ್ತ್ರಚಿಕಿತ್ಸೆಯ ನಂತರ ಸೋಂಕು ಹೆಚ್ಚು, ಗಾಯ ಮಾಯುವುದು ನಿಧಾನ.

ಆದ್ದರಿಂದಲೇ ವೈದ್ಯರು ಸಾಮಾನ್ಯವಾಗಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಸೂಚಿಸುತ್ತಾರೆ. 60 ಕಿಲೋ ತೂಕದವರಿಗೆ ಅದು 72ರಿಂದ 90 ಗ್ರಾಂ. ನಮ್ಮ ತೊಗರಿ ಬೇಳೆ, ಮೊಸರು, ಮೊಟ್ಟೆ ಇದಕ್ಕೆ ಒದಗುತ್ತವೆಯಾದರೂ ಹಸಿವೇ ಇಲ್ಲದ ರೋಗಿಗೆ ಅಷ್ಟು ತಿನ್ನುವುದು ಕಷ್ಟ. ಆಗ ಮಧುಮೇಹಿಗಳಿಗೆಂದೇ ತಯಾರಿಸಿದ ಪೌಷ್ಟಿಕ ಪುಡಿ ನಿಜಕ್ಕೂ ನೆರವಾಗುತ್ತದೆ. ತೀವ್ರ ಅಪೌಷ್ಟಿಕತೆಯಿದ್ದರೆ, ಸಾಧ್ಯವಾದಲ್ಲಿ, ಶಸ್ತ್ರಚಿಕಿತ್ಸೆಯನ್ನೇ 7ರಿಂದ 14 ದಿನ ಮುಂದೂಡಿ ಪೋಷಣೆ ನೀಡುವುದುಂಟು. ಕಿಡ್ನಿ ತೊಂದರೆ ಇರುವವರಲ್ಲಿ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು.

ಅಮೃತಬಳ್ಳಿಯ ವಿಷಯದಲ್ಲಿ ಇನ್ನೂ ಎಚ್ಚರ ಅಗತ್ಯ. ಅದನ್ನು ಸೇವಿಸಿದ ಕೆಲವರಲ್ಲಿ ಲಿವರ್‌ಗೆ ಹಾನಿಯಾದದ್ದನ್ನು 2021ರಲ್ಲಿ ಮುಂಬೈನ ವೈದ್ಯರು ವರದಿ ಮಾಡಿದ್ದಾರೆ. ಮನೆಯಲ್ಲಿ ಯಾವ ರಸ, ಕಷಾಯ, ಪುಡಿ ಕೊಡುತ್ತಿದ್ದರೂ ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಿ. ಮಧುಮೇಹದ ಕೆಲವು ಮಾತ್ರೆಗಳನ್ನು ಮೂರು-ನಾಲ್ಕು ದಿನ ಮೊದಲೇ ನಿಲ್ಲಿಸಬೇಕಾಗುವುದರಿಂದ ಅವುಗಳ ಚೀಟಿಯನ್ನೂ ತೋರಿಸಿ.