ಪೆಟ್ಟು ತಿಂದ ಮಗುವನ್ನು ‘ಆಡ್ತೀಯಾ?’ ಅಂತ ಕೇಳಬೇಡಿ

ನಾವಿರುವ ವಾಷಿಂಗ್ಟನ್ ರಾಜ್ಯದಲ್ಲಿ ಹೈಸ್ಕೂಲ್ ಟೀಂ ಸೇರುವ ಪ್ರತಿ ಮಗುವಿನ ಮನೆಗೂ ವರ್ಷಕ್ಕೊಮ್ಮೆ ಒಂದು ಫಾರಂ ಬರುತ್ತದೆ. ತಲೆಗೆ ಪೆಟ್ಟಾದರೆ ಏನೇನು ಆಗಬಹುದು, ಏನು ಮಾಡಬೇಕು ಅಂತ ಅದರಲ್ಲಿರುತ್ತದೆ. ಅಪ್ಪ ಅಮ್ಮನೂ ಸಹಿ ಹಾಕಬೇಕು, ಮಗುವೂ ಹಾಕಬೇಕು. ನಮ್ಮ ಕನ್ನಡದ ಗೆಳೆಯರಲ್ಲಿ ಎಷ್ಟೋ ಜನ ಅದನ್ನು ಓದದೆ ಸುಮ್ನೆ ಸಹಿ ಮಾಡಿ ಕಳಿಸುತ್ತಾರೆ. ದಯವಿಟ್ಟು ಓದಿ. ಆ ಕಾಗದ ಹುಟ್ಟಿದ್ದು ನಮ್ಮ ಸಿಯಾಟಲ್ ಪಕ್ಕದ ಒಬ್ಬ ಹುಡುಗನಿಂದ.

ಅವನ ಹೆಸರು ಝ್ಯಾಕರಿ ಲಿಸ್ಟೆಟ್. ಊರು ಮೇಪಲ್ ವ್ಯಾಲಿ. 2006ರ ಅಕ್ಟೋಬರಿನಲ್ಲಿ ಅವನಿಗೆ 13 ವರ್ಷ. ಶಾಲೆಯ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ಎದುರಾಳಿಯನ್ನು ತಡೆಯಲು ಹೋಗಿ ಬಿದ್ದ, ತಲೆ ನೆಲಕ್ಕೆ ಬಡಿಯಿತು. ಸ್ವಲ್ಪ ಹೊತ್ತು ಹೊರಗೆ ಕೂತ. ಆಮೇಲೆ ಮತ್ತೆ ಆಡಲು ಇಳಿದ. ಪಂದ್ಯ ಮುಗಿಯುತ್ತಿದ್ದ ಹಾಗೆ ಕುಸಿದು ಬಿದ್ದ. ಹೆಲಿಕಾಪ್ಟರಿನಲ್ಲಿ ಸಿಯಾಟಲ್‌ನ ಹಾರ್ಬರ್‌ವ್ಯೂ ಆಸ್ಪತ್ರೆಗೆ ಸಾಗಿಸಿದರು. ಊದುತ್ತಿದ್ದ ಮೆದುಳಿಗೆ ಜಾಗ ಮಾಡಿಕೊಡಲು ಡಾಕ್ಟರುಗಳು ತಲೆಬುರುಡೆಯ ಎರಡೂ ಬದಿಯ ಮೂಳೆ ತೆಗೆಯಬೇಕಾಯಿತು. ಅವನು ಬದುಕಿದ. ಆದರೆ ಮತ್ತೆ ಒಂದು ಮಾತು ಆಡಲು ತಿಂಗಳುಗಟ್ಟಲೆ ಬೇಕಾಯಿತು.

ಅವನೂ ಅವನ ಅಪ್ಪ ಅಮ್ಮನೂ ಸುಮ್ಮನೆ ಕೂರಲಿಲ್ಲ. 2009ರಲ್ಲಿ ಅವನ ಹೆಸರಿನಲ್ಲೇ ಇಲ್ಲಿ ಕಾನೂನು ಬಂತು. ಕನ್ಕಷನ್, ಅಂದರೆ ತಲೆ ಅಲುಗಾಡಿ ಮೆದುಳಿನ ಕೆಲಸ ಏರುಪೇರಾಗುವುದು, ಆಗಿರಬಹುದು ಅಂತ ಅನುಮಾನ ಬಂದರೆ ಸಾಕು, ಮಗುವನ್ನು ಆ ಕ್ಷಣವೇ ಆಟದಿಂದ ಹೊರಗೆ ಕರೆಯಬೇಕು. ತರಬೇತಿ ಇರುವ ವೈದ್ಯಕೀಯ ಸಿಬ್ಬಂದಿ ನೋಡಿ, ಆಡಬಹುದು ಅಂತ ಬರೆದುಕೊಡುವ ತನಕ ಮತ್ತೆ ಇಳಿಸುವ ಹಾಗಿಲ್ಲ. ಮುಂದಿನ ಐದು ವರ್ಷಗಳಲ್ಲಿ ಅಮೆರಿಕದ 50 ರಾಜ್ಯಗಳಲ್ಲೂ ಇಂಥ ಕಾನೂನು ಬಂತು.

ನನಗೆ ಇದರಲ್ಲಿ ತುಂಬಾ ಮುಖ್ಯ ಅನಿಸುವುದು ಒಂದೇ. ಈ ಕಾನೂನು ತೀರ್ಮಾನವನ್ನು ಮಗುವಿನ ಕೈಯಿಂದ ತೆಗೆದುಬಿಟ್ಟಿದೆ. ಕೋಚ್ ಕೈಯಿಂದಲೂ, ನಮ್ಮ ಕೈಯಿಂದಲೂ. ಹದಿನಾರು ವರ್ಷದ ಹುಡುಗಿಯನ್ನು ಫೈನಲ್ ದಿನ ‘ಆಡ್ತೀಯಾ?’ ಅಂತ ಕೇಳಿದರೆ ಏನು ಹೇಳುತ್ತಾಳೆ? ಆಡ್ತೀನಿ ಅಂತಲೇ ಹೇಳುತ್ತಾಳೆ. ಅವಳು ಸುಳ್ಳು ಹೇಳುತ್ತಿದ್ದಾಳೆ ಅಂತಲ್ಲ. ಪೆಟ್ಟು ಬಿದ್ದಿರುವುದು ಯೋಚನೆ ಮಾಡುವ ಜಾಗಕ್ಕೇ ಅಲ್ವಾ? ಆ ತಲೆಯನ್ನೇ ತಲೆಯ ಬಗ್ಗೆ ಕೇಳುವುದು ಸರಿಯಲ್ಲ.

ಕೆನಡಾದ ಒಟ್ಟಾವಾದಲ್ಲಿ ರೋವನ್ ಸ್ಟ್ರಿಂಗರ್ ಅಂತ ಒಬ್ಬಳು ಹುಡುಗಿ ಇದ್ದಳು. 17 ವರ್ಷ, ಶಾಲೆಯ ರಗ್ಬಿ ಟೀಂನ ಕ್ಯಾಪ್ಟನ್. 2013ರ ಮೇ ತಿಂಗಳಲ್ಲಿ ಒಂದು ವಾರದೊಳಗೇ ಅವಳ ತಲೆಗೆ ಮತ್ತೆ ಮತ್ತೆ ಪೆಟ್ಟು ಬಿತ್ತು. ತನಗೆ ಕನ್ಕಷನ್ ಆಗಿದೆಯೇನೋ ಅಂತ ಅವಳಿಗೇ ಅನುಮಾನ ಬಂದಿತ್ತು. ಗೂಗಲ್‌ನಲ್ಲಿ ಹುಡುಕಿದ್ದಳು, ಗೆಳತಿಗೆ ಮೆಸೇಜ್ ಮಾಡಿದ್ದಳು. ಆದರೂ ಆಡಿದಳು. ಕೊನೆಯ ಪಂದ್ಯದಲ್ಲಿ ಬಿದ್ದವಳು ಮತ್ತೆ ಏಳಲಿಲ್ಲ, ಕೆಲವು ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡಳು. ಒಟ್ಟಾವಾ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ 2018ರಲ್ಲಿ ಬಂದ ಕಾನೂನಿಗೆ ಅವಳದೇ ಹೆಸರಿದೆ. ಅವಳು ಗೂಗಲ್ ಮಾಡಿದ್ದಳು ಅನ್ನೋದು ನನಗೆ ಇವತ್ತಿಗೂ ಸಂಕಟ ಕೊಡುತ್ತದೆ. ಆ ಹುಡುಗಿಗೆ ವಿಷಯ ಗೊತ್ತಿರಲಿಲ್ಲ ಅಂತಲ್ಲ. ಆಟ ನಿಲ್ಲಿಸುವ ಹೊರೆ ಅವಳೊಬ್ಬಳ ಮೇಲೆ ಬಿದ್ದಿತ್ತು.

ಮೊದಲ ಪೆಟ್ಟಿಗೆ ಮೆದುಳಿನೊಳಗೆ ರಕ್ತ ಸೋರಿರಬೇಕು ಅಂತೇನಿಲ್ಲ, ಮೂಳೆ ಮುರಿದಿರಬೇಕು ಅಂತಲೂ ಇಲ್ಲ. ತಲೆ ಜೋರಾಗಿ ಅಲುಗಾಡಿದಾಗ ಮೆದುಳಿನ ಜೀವಕೋಶಗಳ ಲೆಕ್ಕಾಚಾರ ತಪ್ಪುತ್ತದೆ. ಅದನ್ನು ಸರಿಮಾಡಿಕೊಳ್ಳಲು ಅವಕ್ಕೆ ಜಾಸ್ತಿ ಶಕ್ತಿ ಬೇಕು, ಆದರೆ ಅದೇ ಹೊತ್ತಲ್ಲಿ ರಕ್ತದ ಹರಿವು ಕಮ್ಮಿಯಾಗಿರುತ್ತದೆ. ಈ ಸ್ಥಿತಿಯಲ್ಲಿ ಇನ್ನೊಂದು ಪೆಟ್ಟು ಬಿದ್ದರೆ, ಅದು ಸಣ್ಣದಾದರೂ, ಕೆಲವು ಮಕ್ಕಳಲ್ಲಿ ಮೆದುಳು ನಿಮಿಷಗಳಲ್ಲಿ ಊದಿಕೊಳ್ಳುತ್ತದೆ. ಇದು ಅಪರೂಪ. ಆದರೆ ಆಗುವುದು ಹೆಚ್ಚಾಗಿ ಚಿಕ್ಕ ವಯಸ್ಸಿನವರಿಗೇ.

ಕಳೆದ ಸೀಸನ್‌ನಲ್ಲಿ ನನ್ನ ಮಗಳಿಗೂ ಪೆಟ್ಟಾಯಿತು. ಸಾಕರ್‌ನಲ್ಲಿ ಚೆಂಡಿಗೆ ಹಾರಿದಾಗ ಎದುರು ಟೀಂನ ಹುಡುಗಿಯ ತಲೆಗೆ ತಲೆ ಬಡಿಯಿತು. ಎದ್ದಳು, ನಡೆದಳು, ನನ್ನ ಕಡೆ ಕೈ ಬೀಸಿದಳು. ಆಟಗಾರರ ಗಾಯ ನೋಡಿಕೊಳ್ಳುವ ಅಥ್ಲೆಟಿಕ್ ಟ್ರೈನರ್ ಅವಳನ್ನು ಹೊರಗೆ ಕರೆದು, ತಿಂಗಳುಗಳನ್ನು ಹಿಂದಿನಿಂದ ಹೇಳಿಸಿ, ಕಣ್ಣು ನೋಡಿ, ಇವತ್ತು ಆಟ ಮುಗಿಯಿತು ಅಂದರು. ನಂಗೇನೂ ಆಗಿಲ್ಲ ಅಂತ ಅತ್ತಳು, ಜಗಳ ಆಡಿದಳು. ರಾತ್ರಿ ಊಟಕ್ಕೆ ಕೂತಾಗ ಲೈಟ್ ಆರಿಸಮ್ಮ ಅಂದಳು. ಎಚ್ಚರ ತಪ್ಪದಿದ್ದರೂ ಕನ್ಕಷನ್ ಆಗುತ್ತದೆ, ಹೆಚ್ಚಿನವರಿಗೆ ಎಚ್ಚರ ತಪ್ಪುವುದೇ ಇಲ್ಲ. ಲಕ್ಷಣಗಳು ಗಂಟೆಗಳ ನಂತರವೂ ಬರಬಹುದು.

ಊರಿಂದ ಅತ್ತೆ ವಿಡಿಯೋ ಕಾಲ್‌ನಲ್ಲಿ ಕೇಳಿದರು: ‘ಸ್ಕ್ಯಾನ್ ಮಾಡ್ಸಿದ್ರಾ? ನಾರ್ಮಲ್ ಬಂದ್ರೆ ಆಯ್ತಲ್ಲ ಬಿಡು.’ ಪ್ರೀತಿಯಿಂದಲೇ ಕೇಳಿದ್ದು. ಆದರೆ ಸಿಟಿ ಸ್ಕ್ಯಾನ್ ಹುಡುಕುವುದು ರಕ್ತಸ್ರಾವವನ್ನು, ಮೂಳೆ ಮುರಿತವನ್ನು. ಕನ್ಕಷನ್ ಅದರಲ್ಲಿ ಕಾಣುವುದಿಲ್ಲ. ಸ್ಕ್ಯಾನ್ ಚೆನ್ನಾಗಿದೆ ಅಂದರೆ ಮಗು ನಾಳೆ ಆಡಬಹುದು ಅಂತಲ್ಲ.

ಇನ್ನೊಂದು ಮಾತು ನಮ್ಮವರಿಗೇ ಹೇಳಬೇಕು. ಆಟ ಬಿಡಿಸೋಕೆ ನಾವು ತಕ್ಷಣ ರೆಡಿ. ಆದರೆ ಹೋಂವರ್ಕ್ ಬಿಡಿಸೋಕೆ, ಟ್ಯೂಷನ್ ಬಿಡಿಸೋಕೆ ಮನಸ್ಸು ಬರೋದಿಲ್ಲ. ಹೇಗೂ ಮನೇಲಿದ್ದೀಯ, ಕೂತು ಓದು ಅಂತೀವಿ. ದಣಿದಿರುವುದು ಕಾಲಲ್ಲ, ಮೆದುಳು! ಮೊದಲ ಒಂದೆರಡು ದಿನ ಓದು, ಫೋನು, ಟಿವಿ ಎಲ್ಲ ಕಮ್ಮಿ ಇರಬೇಕು. ಹಾಗಂತ ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಹಳೇ ಪದ್ಧತಿಯನ್ನು ಡಾಕ್ಟರುಗಳು ಈಗ ಬಿಟ್ಟಿದ್ದಾರೆ. ಆ ಒಂದೆರಡು ದಿನ ಕಳೆದ ಮೇಲೆ ನಿಧಾನವಾಗಿ ವಾಕಿಂಗ್, ಸ್ವಲ್ಪ ಸ್ವಲ್ಪ ಪಾಠ. ಮೊದಲು ಪೂರ್ತಿಯಾಗಿ ಕ್ಲಾಸಿಗೆ ಮರಳಬೇಕು, ಆಮೇಲಷ್ಟೇ ಪೂರ್ತಿ ಆಟ. ಆಟಕ್ಕೂ ಮೆಟ್ಟಿಲು ಮೆಟ್ಟಿಲಾಗಿ, ಒಂದೊಂದು ಹಂತಕ್ಕೂ ಕೊನೇ ಪಕ್ಷ ಒಂದು ದಿನ. ಮಕ್ಕಳಿಗೆ ದೊಡ್ಡವರಿಗಿಂತ ಜಾಸ್ತಿ ಸಮಯ ಹಿಡಿಯುತ್ತದೆ, ನಾಲ್ಕು ವಾರ ಬೇಕಾದರೂ ಗಾಬರಿಯಾಗಬೇಡಿ. ನನ್ನ ಮಗಳು ಒಂದು ಟೆಸ್ಟ್ ತಡವಾಗಿ ಬರೆದಳು. ಅದರಿಂದ ಏನೂ ಮುಳುಗಲಿಲ್ಲ.

2020ರ ಡಿಸೆಂಬರಿನಲ್ಲಿ ಕ್ಯಾನ್‌ಬೆರಾದ ಟಿ20 ಪಂದ್ಯ ಊರಲ್ಲಿರುವ ನಿಮಗೂ ನೆನಪಿರಬೇಕು. ಸ್ಟಾರ್ಕ್ ಎಸೆದ ಚೆಂಡು ಜಡೇಜಾ ಹೆಲ್ಮೆಟ್‌ಗೆ ಬಡಿಯಿತು. ಅವರು ಇನಿಂಗ್ಸ್ ಮುಗಿಸಿಯೇ ಬಂದರು. ಆಮೇಲೆ ತಲೆ ಸುತ್ತು ಅಂದರು. ಕನ್ಕಷನ್ ನಿಯಮದಂತೆ ಬದಲಿಗೆ ಇಳಿದ ಚಾಹಲ್ ಮೂರು ವಿಕೆಟ್ ಕಿತ್ತು ಗೆಲ್ಲಿಸಿದರು. ಅದು ಮೋಸವೋ ಅಲ್ಲವೋ ಅಂತ ವಾರವೆಲ್ಲ ಚರ್ಚೆ ಆಯಿತು. ಆಟ ಮುಗಿಸಿ ನಡೆದು ಬಂದ ಮನುಷ್ಯನಿಗೆ ಆಮೇಲೆ ತಲೆ ಸುತ್ತಿದ್ದು ಹೇಗೆ ಅಂತ ಕೇಳಿದವರು ಕಮ್ಮಿ.

ಊರಲ್ಲಿ ಹೋಬಳಿ ಮಟ್ಟದ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ ಮಕ್ಕಳು ಕಬಡ್ಡಿ ಆಡುತ್ತಾರೆ. ರೈಡರ್ ಕಾಲು ಹಿಡಿಯಲು ಬಗ್ಗಿದ ಹುಡುಗನ ಹಣೆಗೆ ಮೊಣಕಾಲು ಬಡಿಯುವುದನ್ನು ನಾವೆಲ್ಲ ನೋಡಿದ್ದೇವೆ. ತಲೆಗೆ ನೀರು ಹಾಕಿ, ಬೆನ್ನು ತಟ್ಟಿ, ಮತ್ತೆ ಅಂಕಣಕ್ಕೆ ಕಳಿಸುತ್ತಾರೆ. ಪ್ರತಿ ಶಾಲೆಗೂ ಟ್ರೈನರ್ ಸಿಗುವುದು ಕಷ್ಟ, ಅದು ನನಗೂ ಗೊತ್ತು. ಆದರೆ ಕೂಟಕ್ಕೊಬ್ಬರು ನರ್ಸ್ ಅಥವಾ ಎರಡೂ ಟೀಂಗೆ ಸೇರದ ಒಬ್ಬ ಮೇಷ್ಟ್ರು ಸಾಕು. ಅವರು ‘ಇವನು ಇವತ್ತು ಆಡೋ ಹಾಗಿಲ್ಲ’ ಅಂದರೆ ಪಿಟಿ ಮೇಷ್ಟ್ರೂ ಅಪ್ಪನೂ ಎದುರಾಡಬಾರದು. ಇದಕ್ಕೆ ದುಡ್ಡು ಬೇಡ, ಒಂದು ಸುತ್ತೋಲೆ ಸಾಕು.

ಮನೆಗೆ ಕರೆದುಕೊಂಡು ಬಂದ ಮೇಲೆ ಮಗುವನ್ನು ಒಂಟಿಯಾಗಿ ಬಿಡಬೇಡಿ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಫಿಟ್ಸ್, ಮಾತು ತೊದಲುವುದು, ಕೈಕಾಲಲ್ಲಿ ಶಕ್ತಿ ಇಲ್ಲದಿರುವುದು, ಎಬ್ಬಿಸಿದರೂ ಏಳದಷ್ಟು ಮಂಪರು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.